ಕ್ಯಾಂಪಿಗೆ ಒಯ್ಯುವ ಚಾಕು: ಎರಡು ಸಾವಿರದೊಳಗೆ ಏನು ನೋಡಿ ತಗೊಳ್ಳಬೇಕು

ಆನ್‌ಲೈನ್‌ನಲ್ಲಿ ‘ಹಂಟಿಂಗ್ ನೈಫ್’ ಅಂತ ಹುಡುಕಿ ನೋಡಿ. ಮೊದಲು ಬರುವುದು ಕರೀ ಬಣ್ಣ ಬಳಿದ, ಬೆನ್ನಿಗೆ ಗರಗಸದ ಹಲ್ಲು ಇರುವ, ಹಿಡಿಯ ತುದಿಗೆ ಪುಟ್ಟ ದಿಕ್ಸೂಚಿ ಕೂರಿಸಿ ಹಿಡಿಯೊಳಗೆ ಬೆಂಕಿಕಡ್ಡಿ, ಗಾಳದ ದಾರ ಎಲ್ಲ ತುಂಬಿದ ಒಂದು ಭಾರೀ ಚಾಕು. ಬೆಲೆಯೂ ಕಡಿಮೆ. ಫೋಟೋ ನೋಡಿದರೆ ಕೈಯಲ್ಲಿ ಹಿಡಿದು ನಿಲ್ಲಬೇಕು ಅನ್ನಿಸುತ್ತದೆ. ದಯವಿಟ್ಟು ಅದೊಂದನ್ನು ಬಿಟ್ಟುಬಿಡಿ.

ಹಿಡಿ ಪೊಳ್ಳು ಅಂದರೆ ಅಲಗು ಹಿಡಿಯೊಳಗೆ ಇಳಿದಿಲ್ಲ ಅಂತಲೇ ಅರ್ಥ. ಬುಡದಲ್ಲಿರುವ ಒಂದು ಸಣ್ಣ ಬೋಲ್ಟಿನ ಮೇಲೆ ಅಷ್ಟೂ ಹೊರೆ ಬೀಳುತ್ತದೆ. ಒಣಗಿದ ಜಾಲಿ ಕೊರಡಿಗೆ ಇಟ್ಟು ನಾಲ್ಕು ಏಟು ಹಾಕಿದರೆ ಅಲಗು ಒಂದು ಕಡೆ, ಹಿಡಿ ಒಂದು ಕಡೆ. ಬೆನ್ನಿನ ಗರಗಸವೂ ಕಟ್ಟಿಗೆ ಕೊಯ್ಯುವುದಿಲ್ಲ. ನಿಜವಾದ ಗರಗಸದ ಹಲ್ಲುಗಳು ಒಂದು ಆಚೆ ಒಂದು ಈಚೆ ಬಾಗಿರುತ್ತವೆ, ಅದರಿಂದ ಕೊಯ್ದ ಸಂದು ಅಗಲವಾಗಿ ಅಲಗು ಸಲೀಸಾಗಿ ಓಡುತ್ತದೆ. ಚಾಕುವಿನ ಬೆನ್ನಿಗೆ ಆ ಬಾಗು ಇರುವುದಿಲ್ಲ, ಅರ್ಧ ಇಂಚು ಇಳಿಯುವಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಮೇಲಾಗಿ ಸೂಕ್ಷ್ಮ ಕೆಲಸ ಮಾಡುವಾಗ ಹೆಬ್ಬೆರಳು ಇಡುವ ಜಾಗವೇ ಆ ಬೆನ್ನು. ಹಲ್ಲಿದ್ದರೆ ಎಲ್ಲಿ ಇಡ್ತೀರಿ?

ಬೇಟೆಯ ವಿಷಯವನ್ನು ಈಗಲೇ ಹೇಳಿ ಮುಗಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಅದಕ್ಕೆ 1991ರಲ್ಲಿ ಬಂದ ತಿದ್ದುಪಡಿ ಇದೆ. ಲೈಸೆನ್ಸ್ ತೆಗೆದುಕೊಂಡು ಶೋಕಿಗೆ ಬೇಟೆಯಾಡುವ ಕಾಲ ಅಲ್ಲಿಗೆ ಮುಗಿಯಿತು. ಮೊಲ, ಕಾಡುಹಂದಿ, ಉಡ ಯಾವುದನ್ನೂ ಹೊಡೆಯುವ ಹಾಗಿಲ್ಲ. ಬಲೆ ಒಡ್ಡಿದರೂ, ಹಿಡಿಯಲು ಪ್ರಯತ್ನ ಮಾಡಿದರೂ ಕಾಯ್ದೆಯ ಲೆಕ್ಕದಲ್ಲಿ ಅದು ಬೇಟೆಯೇ. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಮಾತಿದೆ. ಆ ಕಾಯ್ದೆಯಲ್ಲಿ ‘ಆಯುಧ’ ಅನ್ನುವ ಪಟ್ಟಿಯೊಳಗೆ ಬಂದೂಕು, ಬಲೆ, ಉರುಲುಗಳ ಜೊತೆ ಚಾಕುವೂ ಸೇರಿದೆ, ಮತ್ತು 31ನೇ ಕಲಂ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಯಾವ ಅಭಯಾರಣ್ಯಕ್ಕೂ ಆಯುಧ ಒಯ್ಯುವಂತಿಲ್ಲ. ದರೋಜಿ ಕರಡಿಧಾಮ ನೋಡಲು ಹೋಗುವ ದಿನ ಚಾಕು ಮನೆಯಲ್ಲೇ ಇರಲಿ. ಸುಮ್ನೆ ಬ್ಯಾಗಿನಲ್ಲಿತ್ತು ಸಾರ್ ಅಂದರೆ ಅಲ್ಲಿ ಕೇಳುವುದಿಲ್ಲ.

ಹಾಗಾದರೆ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಡೆ ಈ ಚಾಕುವಿಗೆ ಕೆಲಸ ಏನು? ಬೇಕಾದಷ್ಟಿದೆ. ಸಾಣಾಪುರದ ಕಡೆಗೋ ಸಂಡೂರಿನ ಕಡೆಗೋ ಪರವಾನಗಿ ಇರುವ ಜಾಗದಲ್ಲಿ ರಾತ್ರಿ ಉಳಿಯುವಾಗ ಹಗ್ಗ ಕತ್ತರಿಸಬೇಕು, ಗೂಟ ಚೂಪು ಮಾಡಬೇಕು, ಒಲೆಗೆ ಸಣ್ಣ ಚಕ್ಕೆ ಸೀಳಬೇಕು, ಉಳ್ಳಾಗಡ್ಡಿ ಹೆಚ್ಚಬೇಕು. ತುಂಗಭದ್ರೆಯ ಮೀನು ಕೊಂಡರೆ ಸ್ವಚ್ಛ ಮಾಡಬೇಕು. ಊರಲ್ಲಿ ದೇವರು ಮಾಡಿದಾಗ ಕುರಿಯ ಚರ್ಮ ಸುಲಿಯುವುದು, ಕೀಲು ಬಿಡಿಸುವುದು ಇದ್ದೇ ಇರುತ್ತದೆ. ಬೇಟೆ ಚಾಕುವಿನ ಆಕಾರ ಹುಟ್ಟಿದ್ದೇ ಈ ಸುಲಿಯುವ, ಬಿಡಿಸುವ ಕೆಲಸಕ್ಕೆ. ಹಾಗಾಗಿ ಬೇಟೆ ಇಲ್ಲದಿದ್ದರೂ ಆ ಆಕಾರ ನಮಗೆ ಉಪಯೋಗಕ್ಕೆ ಬರುತ್ತದೆ.

ಒಂದು ಕೆಲಸವನ್ನು ಮಾತ್ರ ಈ ಪಟ್ಟಿಯಿಂದ ತೆಗೆದುಬಿಡಿ: ಕಡಿಯುವುದು. ದಪ್ಪ ಕೊಂಬೆ ಕಡಿಯಲು ಕೊಡಲಿ ಇದೆ, ಮುಳ್ಳು ಸವರಲು ಕುಡುಗೋಲಿದೆ. ಇವೆರಡೂ ಸಂತೆಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಒಂದೇ ಚಾಕು ಕೊಡಲಿಯೂ ಆಗಬೇಕು, ಮೀನನ್ನೂ ಸೀಳಬೇಕು ಅಂತ ಹೊರಟಾಗಲೇ ಜನ ಆರು ಮಿಲಿಮೀಟರ್ ದಪ್ಪದ, ಮೊಳದುದ್ದದ ಕಬ್ಬಿಣ ಕೊಂಡು ತರುವುದು.

ಅಳತೆ ಸರಳ. ಅಲಗು 9ರಿಂದ 12 ಸೆಂಟಿಮೀಟರ್, ಅಂದರೆ ಹೆಚ್ಚು ಕಡಿಮೆ ನಾಲ್ಕು ಇಂಚು. ಬೆನ್ನಿನ ದಪ್ಪ ಎರಡೂವರೆಯಿಂದ ಮೂರೂವರೆ ಮಿಲಿಮೀಟರ್. ಇಷ್ಟಕ್ಕಿಂತ ಉದ್ದ ಆದರೆ ಮೊನೆಯ ಮೇಲೆ ಹಿಡಿತ ತಪ್ಪುತ್ತದೆ, ಕುರಿಯ ಹೊಟ್ಟೆ ಬಿಡಿಸುವಾಗ ಒಳಗಿನ ಕರುಳಿಗೆ ತಾಗಿಸಿಬಿಡುತ್ತೀರಿ, ಆಮೇಲೆ ಮಾಂಸವೆಲ್ಲ ಹೊಲಸು. ಅದಕ್ಕೇ ಬೆನ್ನು ನಿಧಾನವಾಗಿ ಕೆಳಗಿಳಿದು ಬಾಯಿಯನ್ನು, ಅಂದರೆ ಕೊಯ್ಯುವ ಅಂಚನ್ನು, ಕೂಡುವ ‘ಡ್ರಾಪ್ ಪಾಯಿಂಟ್’ ಆಕಾರ ಒಳ್ಳೆಯದು. ತುದಿ ಮೇಲಕ್ಕೆ ಸೂಜಿಯ ಹಾಗೆ ಚಾಚಿರುವುದು ನೋಡಲು ಚೆಂದ, ಆದರೆ ಆನೆಗೊಂದಿಯ ಬಂಡೆಗಳ ಮೇಲೆ ಒಮ್ಮೆ ಕೈಜಾರಿದರೆ ಆ ತುದಿ ಉಳಿಯುವುದಿಲ್ಲ.

ದಪ್ಪದಲ್ಲಿ ಒಂದು ಗುಟ್ಟಿದೆ. ಬೆನ್ನು ಎಷ್ಟು ದಪ್ಪ ಅನ್ನುವುದಕ್ಕಿಂತ ಬಾಯಿಯ ಹಿಂದೆ ಅಲಗು ಎಷ್ಟು ತೆಳ್ಳಗಿದೆ ಅನ್ನುವುದು ಮುಖ್ಯ. ಹರಿತ ಇರುವುದು ಕೂದಲೆಳೆಯಷ್ಟು ಜಾಗದಲ್ಲಿ, ಅದರ ಹಿಂದಿನ ಉಕ್ಕು ದಪ್ಪ ಇದ್ದರೆ ಚಾಕು ಉಳ್ಳಾಗಡ್ಡಿಯನ್ನು ಹೆಚ್ಚುವುದಿಲ್ಲ, ಬಿರಿಸುತ್ತದೆ. ಅಂಗಡಿಯಲ್ಲಿ ಚಾಕುವನ್ನು ಮೊನೆಯ ಕಡೆಯಿಂದ ಕಣ್ಣಿಗೆ ನೇರ ಹಿಡಿದು ನೋಡಿ. ಬೆನ್ನಿನಿಂದ ಬಾಯಿಯವರೆಗೆ ಸಮನಾಗಿ ಇಳಿಜಾರು ಇದ್ದರೆ ಒಳ್ಳೆಯದು, ಇದಕ್ಕೆ ಫ್ಲ್ಯಾಟ್ ಗ್ರೈಂಡ್ ಅನ್ನುತ್ತಾರೆ. ಕೆಳಗಿನ ಅರ್ಧ ಸೆಂಟಿಮೀಟರಿನಲ್ಲಿ ಮಾತ್ರ ಒಂದೇ ಅಗಲವಾದ ಇಳಿಜಾರಿದ್ದು, ಅದರ ತುದಿಯಲ್ಲಿ ಇನ್ನೊಂದು ಸಣ್ಣ ಇಳಿಜಾರು ಇಲ್ಲದಿದ್ದರೆ ಅದು ಸ್ಕ್ಯಾಂಡಿ ಗ್ರೈಂಡ್. ಕಟ್ಟಿಗೆ ಕೆತ್ತಲು ಅದರಷ್ಟು ಚೆನ್ನ ಇನ್ನೊಂದಿಲ್ಲ, ಸಾಣೆ ಹಿಡಿಯುವುದಂತೂ ಹೊಸಬರಿಗೂ ಸಲೀಸು, ಯಾಕಂದರೆ ಆ ಇಳಿಜಾರನ್ನೇ ಕಲ್ಲಿನ ಮೇಲೆ ಮಲಗಿಸಿದರೆ ಕೋನ ತಾನಾಗಿಯೇ ಸಿಗುತ್ತದೆ. ಸ್ವೀಡನ್ನಿನ ಮೋರಾ ಊರಿನ ಚಾಕುಗಳು ಈ ತರಹದವು. ಅಲ್ಲಿನ ಮೋರಾಕ್ನಿವ್ ಕಂಪನಿಯ ಇತಿಹಾಸ 1891ರಿಂದ ಶುರುವಾಗುತ್ತದೆ. ಅವರ ‘ಕಂಪ್ಯಾನಿಯನ್’ ಅನ್ನುವ ಚಾಕು ಪ್ಲಾಸ್ಟಿಕ್ ಒರೆ, ರಬ್ಬರ್ ಹಿಡಿ, ಹತ್ತು ಸೆಂಟಿಮೀಟರ್ ಅಲಗು, ಅಷ್ಟೇ. ಅದರ ಉಕ್ಕು ಹಿಡಿಯ ಕೊನೆತನಕ ಹೋಗುವುದಿಲ್ಲ, ಆದರೂ ಅಗ್ಗದ ಚಾಕುಗಳಲ್ಲಿ ಮೊದಲು ನೋಡಬೇಕಾದದ್ದು ಅದನ್ನೇ ಅಂತ ನನ್ನ ಅಭಿಪ್ರಾಯ.

ಉಕ್ಕು ಹಿಡಿಯೊಳಗೆ ಹೋಗುವ ಭಾಗಕ್ಕೆ ಟ್ಯಾಂಗ್ ಅನ್ನುತ್ತಾರೆ. ಹಿಡಿಯ ಆಕಾರದಲ್ಲೇ ಪೂರ್ತಿ ಹೋಗಿ, ಎರಡೂ ಪಕ್ಕಕ್ಕೆ ಮರದ ಪಟ್ಟಿ ಇಟ್ಟು ರಿವೆಟ್ ಹೊಡೆದಿದ್ದರೆ ಫುಲ್ ಟ್ಯಾಂಗ್. ಹಿಡಿಯ ಅಂಚಿನಲ್ಲಿ ಸುತ್ತಲೂ ಉಕ್ಕು ಕಾಣುತ್ತದೆ, ಕೇಳುವುದೇ ಬೇಡ. ಕಟ್ಟಿಗೆ ಮೇಲೆ ಚಾಕು ಇಟ್ಟು ಬೆನ್ನಿಗೆ ಬಡಿದು ಸೀಳುವವರು ಇದನ್ನೇ ತಗೊಳ್ಳಿ.

ಈಗ ಉಕ್ಕು. ಜನ ಜಾಸ್ತಿ ಗೊಂದಲಕ್ಕೆ ಬೀಳುವುದು ಇಲ್ಲೇ, ಮಾರುವವರು ಜಾಸ್ತಿ ಟೋಪಿ ಹಾಕುವುದೂ ಇಲ್ಲೇ.

ಕಬ್ಬಿಣಕ್ಕೆ ಇಂಗಾಲ ಸೇರಿದರೆ ಅದು ಗಟ್ಟಿಯಾಗುವ ಗುಣ ಪಡೆಯುತ್ತದೆ. ಕ್ರೋಮಿಯಂ ಸೇರಿದರೆ ತುಕ್ಕು ತಡೆಯುತ್ತದೆ, ಕ್ರೋಮಿಯಂ ನೂರಕ್ಕೆ ಸುಮಾರು 10.5 ದಾಟಿದರೆ ಅದನ್ನು ಸ್ಟೇನ್‌ಲೆಸ್ ಅನ್ನುತ್ತಾರೆ. ಚಾಕುವಿಗೆ ಇಂಗಾಲ ಅರ್ಧ ಪರ್ಸೆಂಟಿನಿಂದ ಒಂದು ಪರ್ಸೆಂಟ್ ಇದ್ದರೆ ಸಾಕು. ಇಷ್ಟು ಗೊತ್ತಿದ್ದರೆ ಅಲಗಿನ ಮೇಲಿನ ಹೆಸರನ್ನು ಓದಿಯೇ ಅರ್ಧ ಜಾತಕ ಹೇಳಬಹುದು. 1095 ಅಂದರೆ ಸಾದಾ ಕಾರ್ಬನ್ ಉಕ್ಕು, ಕೊನೆಯ ಎರಡು ಅಂಕಿ ಇಂಗಾಲ, 0.95 ಪರ್ಸೆಂಟ್. 1075ರಲ್ಲಿ 0.75. ಚೀನಾದ ಹೆಸರುಗಳಲ್ಲಿ ಮೊದಲ ಅಂಕಿ ಇಂಗಾಲದ ಹತ್ತು ಪಟ್ಟು, ನಡುವಿನದು ಕ್ರೋಮಿಯಂ. ಹಾಗಾಗಿ 8ಸಿಆರ್13ಎಂಒವಿ ಅಂದರೆ 0.8 ಇಂಗಾಲ, 13 ಕ್ರೋಮಿಯಂ, ಅಗ್ಗದ ಸ್ಟೇನ್‌ಲೆಸ್‌ನಲ್ಲಿ ಒಳ್ಳೆಯದೇ. 3ಸಿಆರ್13 ಅಂದರೆ ಇಂಗಾಲ ಬರೀ 0.3. ಹೊಳೆಯುತ್ತದೆ, ತುಕ್ಕು ಹಿಡಿಯುವುದಿಲ್ಲ, ಹರಿತ ಮಾತ್ರ ಒಂದು ಊಟದ ಅಡುಗೆಗೂ ನಿಲ್ಲುವುದಿಲ್ಲ. ‘440 ಸ್ಟೀಲ್’ ಅಂತ ಬರೆದು ಅಕ್ಷರ ಬರೆಯದಿದ್ದರೆ ಹುಷಾರು. 440ಸಿಯಲ್ಲಿ ಇಂಗಾಲ ಒಂದು ಪರ್ಸೆಂಟಿನ ಸುತ್ತ, 440ಎಯಲ್ಲಿ ಅದಕ್ಕಿಂತ ಸಾಕಷ್ಟು ಕಡಿಮೆ. ಸಿ ಹಾಕಿದವನು ಅದನ್ನು ಹೇಳದೆ ಬಿಡುತ್ತಾನಾ? ‘ಸರ್ಜಿಕಲ್ ಸ್ಟೀಲ್’, ‘ಜಪಾನೀಸ್ ಸ್ಟೀಲ್’ ಅಂತ ಮಾತ್ರ ಇದ್ದರೆ ಏನೂ ಹೇಳಿಲ್ಲ ಅಂತ ತಿಳಿಯಿರಿ. ಅಲೆಅಲೆ ಗೆರೆಗಳ ಅಗ್ಗದ ‘ಡಮಾಸ್ಕಸ್’ ಕೂಡ ಅಷ್ಟೇ, ಒಳಗೆ ಯಾವ ಉಕ್ಕು ಸೇರಿದೆ ಅಂತ ಹೇಳದಿದ್ದರೆ ಆ ಗೆರೆಗಳಿಂದ ಏನೂ ತಿಳಿಯುವುದಿಲ್ಲ.

ಸ್ಟೇನ್‌ಲೆಸ್ ಒಳ್ಳೆಯದೋ ಕಾರ್ಬನ್ ಒಳ್ಳೆಯದೋ? ಮಲೆನಾಡಿನವರಿಗೆ ನಾನು ಸ್ಟೇನ್‌ಲೆಸ್ ಅಂತಲೇ ಹೇಳುತ್ತಿದ್ದೆ. ಮೂರು ತಿಂಗಳ ಮಳೆಗೆ ಕಾರ್ಬನ್ ಉಕ್ಕನ್ನು ಕಾಯುವುದು ಕಷ್ಟ. ರಾಯಚೂರು, ಬಳ್ಳಾರಿ, ಕೊಪ್ಪಳದ ಒಣ ಹವೆಗೆ ಕಾರ್ಬನ್ ಧೈರ್ಯವಾಗಿ ತಗೊಳ್ಳಬಹುದು. ಅಗ್ಗದಲ್ಲಿ ಒಳ್ಳೆಯ ಹರಿತ ಕೊಡುತ್ತದೆ, ಸಾಣೆಗೆ ಬೇಗ ಬಗ್ಗುತ್ತದೆ. ಹುಣಸೆಹುಳಿ, ನಿಂಬೆ, ಉಳ್ಳಾಗಡ್ಡಿ ತಾಗಿದರೆ ಅಲಗು ಬೂದು, ನೀಲಿ ಬಣ್ಣಕ್ಕೆ ತಿರುಗುತ್ತದೆ. ಹೆದರಬೇಡಿ, ಆ ಪದರ ಕೆಂಪು ತುಕ್ಕನ್ನು ಸ್ವಲ್ಪ ತಡೆಯುತ್ತದೆ. ಕೆಲಸ ಆದ ತಕ್ಷಣ ತೊಳೆದು ಒರೆಸುವ ಅಭ್ಯಾಸ ನಿಮಗಿಲ್ಲ ಅಂದರೆ ಮಾತ್ರ ಸ್ಟೇನ್‌ಲೆಸ್‌ಗೆ ಹೋಗಿ. ಅದರಲ್ಲಿ ನಾಚಿಕೆ ಏನಿಲ್ಲ.

ಹೆಸರು ಎಷ್ಟೇ ದೊಡ್ಡದಿರಲಿ, ಹದ ಸರಿಯಿಲ್ಲದಿದ್ದರೆ ಉಕ್ಕು ದಂಡ. ಉಕ್ಕನ್ನು ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿದರೆ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಗಾಜಿನ ಹಾಗೇ ಒಡೆಯುತ್ತದೆ ಕೂಡ. ಆಮೇಲೆ ಅದನ್ನು ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ತಾಸು ಇಟ್ಟು ಬಿಗಿ ಇಳಿಸಬೇಕು. ಈ ಎರಡನೇ ಹೆಜ್ಜೆಯಲ್ಲೇ ಚಾಕು ಚಾಕುವಾಗುವುದು. ಗಟ್ಟಿತನವನ್ನು ರಾಕ್‌ವೆಲ್ ಸಿ ಅನ್ನುವ ಲೆಕ್ಕದಲ್ಲಿ ಹೇಳುತ್ತಾರೆ. 56ರಿಂದ 59 ಇದ್ದರೆ ನಮ್ಮ ಕೆಲಸಕ್ಕೆ ಸರಿ. 53, 54ಕ್ಕೆ ಇಳಿದರೆ ಬಾಯಿ ಬೇಗ ಮಡಚುತ್ತದೆ, 61 ದಾಟಿದ ಅಗ್ಗದ ಚಾಕು ಮೂಳೆಗೋ ಬಳ್ಳಾರಿ ಜಾಲಿಯ ಗಂಟಿಗೋ ತಾಗಿದರೆ ಚಕ್ಕೆ ಏಳುತ್ತದೆ. ಬಳ್ಳಾರಿ ಜಾಲಿಯ ಒಣ ಕಟ್ಟಿಗೆ ಏನು ಬಿಗಿ ಅಂತ ಒಲೆ ಹಚ್ಚಿದವರಿಗೆ ಹೇಳಬೇಕಿಲ್ಲ.

ಮನೆಯಲ್ಲಿ ಅಳೆಯುವ ಯಂತ್ರ ಇಲ್ಲ, ಸರಿ. ಒಂದು ಸಣ್ಣ ಅರ, ಅಂದರೆ ಕಬ್ಬಿಣ ಉಜ್ಜುವ ಫೈಲು, ಇದ್ದರೆ ಅಲಗಿನ ಬೆನ್ನಿಗೆ ಮೆಲ್ಲಗೆ ಉಜ್ಜಿ ನೋಡಿ. ಅರ ಜಾರಿದರೆ ಹದ ಗಟ್ಟಿಯಾಗಿದೆ, ಬೆಣ್ಣೆ ಕೆರೆದಂತೆ ಪುಡಿ ಬಂದರೆ ಮೆತ್ತಗಿದೆ. ಕೆಲವರು ಬೇಕಂತಲೇ ಬೆನ್ನನ್ನು ಮೆತ್ತಗಿಟ್ಟು ಬಾಯನ್ನು ಮಾತ್ರ ಗಟ್ಟಿ ಮಾಡುತ್ತಾರೆ, ಹಾಗಾಗಿ ಬಾಯಿಯ ಬುಡದಲ್ಲೂ ಒಮ್ಮೆ ನೋಡಿ. ಇನ್ನೊಂದು ಪರೀಕ್ಷೆ ಅಯಸ್ಕಾಂತದ್ದು. ಗಟ್ಟಿಯಾಗುವ ಚಾಕು ಉಕ್ಕುಗಳೆಲ್ಲ ಅಯಸ್ಕಾಂತಕ್ಕೆ ಅಂಟುತ್ತವೆ, ಪಾತ್ರೆ ಮಾಡುವ 304 ಸ್ಟೀಲ್ ಅಂಟುವುದಿಲ್ಲ. ಅಂಟಿದರೆ ಒಳ್ಳೆ ಚಾಕು ಅಂತೇನೂ ಆಗಲಿಲ್ಲ, ಅಂಟದಿದ್ದರೆ ಮಾತ್ರ ಅದು ಖಂಡಿತ ಆಟಿಕೆ.

ಊರ ಕಮ್ಮಾರರ ಹತ್ತಿರ ಮಾಡಿಸಬಹುದಾ ಅಂತ ಬಹಳ ಜನ ಕೇಳುತ್ತಾರೆ. ಖಂಡಿತ ಮಾಡಿಸಬಹುದು, ಉಕ್ಕು ನೀವೇ ಒಯ್ದರೆ. ಉಕ್ಕಿನ ನಾಡಲ್ಲಿದ್ದೇವೆ, ತೋರಣಗಲ್ಲಿನಲ್ಲಿ ಕಾರ್ಖಾನೆಯೇ ಇದೆ ಅಂತ ಯಾವುದೋ ಕಟ್ಟಡದ ಕಂಬಿ ಒಯ್ಯಬೇಡಿ. ಮನೆ ಕಟ್ಟುವ ಟಿಎಂಟಿ ಕಂಬಿಯಲ್ಲಿ ಇಂಗಾಲ 0.3 ಪರ್ಸೆಂಟಿಗಿಂತ ಜಾಸ್ತಿ ಇರಬಾರದು ಅಂತಲೇ ನಿಯಮ, ಬಾಗಬೇಕಾದ ವಸ್ತು ಅದು, ಹರಿತ ಹಿಡಿಯಬೇಕಾದದ್ದಲ್ಲ. ಬೇಕಾದದ್ದು ಲಾರಿಯ ಸ್ಪ್ರಿಂಗ್ ಪಟ್ಟಿ. ನಮ್ಮ ಕಡೆ ಅದಿರು ಲಾರಿಗಳಿಗೇನು ಬರ, ಮುರಿದ ಪಟ್ಟಿಗಳು ಗುಜರಿಗೆ ಬರುತ್ತಲೇ ಇರುತ್ತವೆ. ಅದರಲ್ಲಿ ಇಂಗಾಲ ಸುಮಾರು 0.5ರಿಂದ 0.6, ಜೊತೆಗೆ ಸಿಲಿಕಾನೋ ಕ್ರೋಮಿಯಮ್ಮೋ ಸ್ವಲ್ಪ ಸೇರಿರುತ್ತದೆ, ಏಟು ತಡೆಯುವ ಉಕ್ಕು. ಕೊಂಚ ನೋಡಿ ಆರಿಸಿ, ಹಳೇ ಪಟ್ಟಿಯೊಳಗೆ ಕಣ್ಣಿಗೆ ಕಾಣದ ಬಿರುಕು ಇರುವುದುಂಟು. ಸವೆದ ಅರದಿಂದಲೂ ಚಾಕು ಮಾಡುತ್ತಾರೆ. ಅದರಲ್ಲಿ ಇಂಗಾಲ ಒಂದು ಪರ್ಸೆಂಟಿನ ಮೇಲೆ, ಹರಿತ ಚೆನ್ನಾಗಿ ನಿಲ್ಲುತ್ತದೆ, ಬಿಗಿ ಇಳಿಸದಿದ್ದರೆ ಕೈಜಾರಿ ಬಿದ್ದಾಗ ಎರಡು ತುಂಡು.

ಕಮ್ಮಾರರಿಗೆ ದಿನವೂ ಕೈಯಾಡುವುದು ಕುಡುಗೋಲು, ಕೊಡಲಿ, ಕುಂಟೆ ಕುಡ. ಅವುಗಳ ಹದ ಬೇರೆ. ಅದಕ್ಕೇ ಮೊದಲು ಕೂತು ಮಾತಾಡಿ. “ಯಜಮಾನ್ರ, ಹದ ಎಣ್ಣ್ಯಾಗ ಮಾಡ್ತೀರೋ ನೀರಾಗ ಮಾಡ್ತೀರೋ?” ಅಂತ ಕೇಳಿ. ಸ್ಪ್ರಿಂಗ್ ಪಟ್ಟಿಯನ್ನು ತೆಳ್ಳಗೆ ಮಾಡಿ ನೀರಿಗೆ ಅದ್ದಿದರೆ ಸೀಳುವ ಸಾಧ್ಯತೆ ಇದೆ, ಎಣ್ಣೆಯೇ ಬೇಕು. ಕಾಯಿಸುವಾಗ ಅಯಸ್ಕಾಂತ ಅಂಟುವುದು ನಿಂತ ಮೇಲೆ ಇನ್ನೂ ಸ್ವಲ್ಪ ಬಿಸಿ ಮಾಡಿ ಅದ್ದಿದರೆ ಸರಿಯಾಗುತ್ತದೆ. ಸುಮಾರು 770 ಡಿಗ್ರಿಗೆ ಉಕ್ಕು ಆ ಗುಣ ಕಳೆದುಕೊಳ್ಳುತ್ತದೆ, ಕಣ್ಣಂದಾಜಿಗಿಂತ ಇದು ನಂಬಿಕೆಯ ಗುರುತು. ಬಿಗಿ ಇಳಿಸುವುದನ್ನು ಮನೆಯ ಓವನ್‌ನಲ್ಲೇ ಮಾಡಿಕೊಳ್ಳಬಹುದು. ಹೀಗೆ ಮಾಡಿಸಿದ ಚಾಕು ನೋಡಲು ಒರಟು, ಆದರೆ ಇದೇ ಬೆಲೆಯ ಆನ್‌ಲೈನ್ ಚಾಕುಗಳಲ್ಲಿ ಎಷ್ಟೋ ಇದರ ಮುಂದೆ ನಿಲ್ಲುವುದಿಲ್ಲ.

ಹಿಡಿಗೆ ಕರಿಜಾಲಿ ಮರ ಚೆನ್ನಾಗಿರುತ್ತದೆ, ಬಿಗಿ ಮರ, ಒಕ್ಕಲುತನದ ಸಾಮಾನಿಗೆಲ್ಲ ಅದೇ ಬಳಸುವುದು. ಪೂರ್ತಿ ಒಣಗಿದ್ದೇ ಬೇಕು. ಹಸಿ ಮರ ಕೂರಿಸಿದರೆ ರಾಯಚೂರಿನ ಒಂದು ಬೇಸಿಗೆ ಸಾಕು, ಮರ ಕುಗ್ಗಿ ರಿವೆಟ್ ಸಡಿಲವಾಗಿ ಹಿಡಿ ಗಡಗಡ ಅನ್ನುತ್ತದೆ. ಕೊಳ್ಳುವ ಚಾಕುವಾದರೆ ರಬ್ಬರ್ ಹಿಡಿಯೇ ವಾಸಿ, ರಕ್ತ, ಮೀನಿನ ಲೋಳೆ, ಬೆವರು ಏನೇ ಇದ್ದರೂ ಜಾರುವುದಿಲ್ಲ. ಬೆರಳು ಮುಂದೆ ಅಲಗಿನ ಮೇಲೆ ಸರಿಯದಂತೆ ಹಿಡಿಯ ಮುಂಭಾಗದಲ್ಲಿ ಒಂದು ಉಬ್ಬು ಇರಲೇಬೇಕು. ಒರೆಯನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿ, ಚಾಕು ಬೀಳಬಾರದು. ಚರ್ಮದ ಒರೆ ಸೊಂಟಕ್ಕೆ ಚೆಂದ, ಆದರೆ ಮನೆಗೆ ಬಂದ ಮೇಲೆ ಚಾಕುವನ್ನು ಅದರಿಂದ ತೆಗೆದಿಡಿ. ಚರ್ಮ ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಕಾರ್ಬನ್ ಅಲಗಿಗೆ ಚುಕ್ಕೆಚುಕ್ಕೆ ತುಕ್ಕು ಬರುವುದು ಹೀಗೇ.

ಎಣ್ಣೆ ಸವರುವಾಗ ನಮ್ಮ ಅಡುಗೆಮನೆಯ ಕುಸುಬಿ ಎಣ್ಣೆ ಬೇಡ. ಗಾಳಿಗೆ ಒಣಗಿ ಅಂಟಾಗುವ ಜಾತಿ ಅದು, ಬಣ್ಣ ತಯಾರಿಸಲೂ ಬಳಸುತ್ತಾರೆ. ತಿಂಗಳು ಬಿಟ್ಟು ನೋಡಿದರೆ ಅಲಗಿನ ಮೇಲೆ ಹಳದಿ ಗೋಂದು. ಕೊಬ್ಬರಿ ಎಣ್ಣೆ ಹಾಗಾಗುವುದಿಲ್ಲ, ಹೊಟ್ಟೆಗೆ ಹೋದರೂ ತೊಂದರೆ ಇಲ್ಲ, ಎರಡು ಹನಿ ಸಾಕು.

ಸಾಣೆ ಬಗ್ಗೆ ಒಂದು ಎಚ್ಚರಿಕೆ. ಸೈಕಲ್ ಮೇಲೆ ಬರುವ ಸಾಣೆಯವರ ಕೈಗೆ ಈಳಿಗೆ, ಕತ್ತರಿ ಕೊಡಿ, ಈ ಚಾಕು ಕೊಡುವುದಾದರೆ ಆಗಾಗ ನೀರಿಗೆ ಅದ್ದಿ ಹಿಡಿಯಲು ಹೇಳಿ. ಒಣ ಚಕ್ರಕ್ಕೆ ಕಿಡಿ ಹಾರುವಂತೆ ಒತ್ತಿದರೆ ಬಾಯಿಯ ತೆಳು ಉಕ್ಕು ಕ್ಷಣದಲ್ಲಿ ಕಾಯುತ್ತದೆ. ಅಂಚು ನೀಲಿಗೆ ತಿರುಗಿದರೆ ಅಲ್ಲಿ ಬಿಸಿ ಸುಮಾರು 300 ಡಿಗ್ರಿ ಮುಟ್ಟಿದೆ, 200ಕ್ಕೆ ಮಾಡಿದ ಹದ ಹೋಯಿತು ಅಂತ ಲೆಕ್ಕ. ಒಂದು ಕಡೆ 400, ಇನ್ನೊಂದು ಕಡೆ 1000 ಗ್ರಿಟ್ (ಕಲ್ಲು ಎಷ್ಟು ನಯ ಅನ್ನುವ ಲೆಕ್ಕ) ಇರುವ ಸಾಣೆಕಲ್ಲು ಕೊಳ್ಳಿ, ಕೈಯಿಂದಲೇ ಮಾಡಿ. ಕೋನ ಹುಡುಕಲು ಯಂತ್ರ ಬೇಡ: ಕಾಗದದ ಮೂಲೆ 90 ಡಿಗ್ರಿ, ಒಮ್ಮೆ ಮಡಚಿದರೆ 45, ಮತ್ತೊಮ್ಮೆ ಮಡಚಿದರೆ ಇಪ್ಪತ್ತೆರಡೂವರೆ. ಆ ಮಡಿಕೆಯನ್ನು ಕಲ್ಲಿನ ಮೇಲಿಟ್ಟು ಅಲಗನ್ನು ಅದಕ್ಕೆ ಸರಿಯಾಗಿ ಓರೆ ಹಿಡಿಯಿರಿ. ಕೊನೆಗೆ ಹಳೇ ಚರ್ಮದ ಬೆಲ್ಟಿನ ಒಳಮೈಗೆ ಬೆನ್ನು ಮುಂದಾಗಿ ಎಳೆಯಿರಿ. ಈ ಉಜ್ಜುವ ಕೆಲಸ ನಮ್ಮ ನೆಲಕ್ಕೆ ಹೊಸದೇನಲ್ಲ, ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ನವಶಿಲಾಯುಗದವರು ಕಲ್ಲಿನ ಕೊಡಲಿ ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತೋಡುಗಳಿವೆ.

ಉದ್ದದ ಬಗ್ಗೆ ಕಾನೂನಿನ ಲೆಕ್ಕವೂ ಇದೆ. ಆಯುಧ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಅಲಗುಗಳನ್ನು ಕತ್ತಿ, ಬಾಕುಗಳ ಸಾಲಿಗೆ ಸೇರಿಸಿದ್ದಾರೆ. ಮನೆಗೆಲಸ, ಒಕ್ಕಲುತನಕ್ಕೆ ಅಂತಲೇ ಮಾಡಿದವು ಅದರಿಂದ ಹೊರಗೆ. ನಾಲ್ಕು ಇಂಚಿನ ಚಾಕು ಆ ಅಳತೆಗೆ ಹತ್ತಿರವೂ ಬರುವುದಿಲ್ಲ. ಹಾಗಂತ ಸೊಂಟಕ್ಕೆ ಕಟ್ಟಿಕೊಂಡು ಬಸ್ ಸ್ಟ್ಯಾಂಡಿನಲ್ಲಿ ತಿರುಗಬೇಡಿ. ದಾರಿಯಲ್ಲಿ ಒರೆ ಸಮೇತ ಅಡುಗೆ ಸಾಮಾನಿನ ಚೀಲದ ತಳದಲ್ಲಿ ಇರಲಿ, ಕೇಳಿದರೆ ಈರುಳ್ಳಿ, ಚಾಕು, ಸೌಟು ಒಟ್ಟಿಗೇ ತೋರಿಸಬಹುದು.

ಪಾರ್ಸೆಲ್ ಬಂದ ದಿನವೇ ನೋಡಬೇಕಾದದ್ದು ಇಷ್ಟು: ಅಲಗು ನೇರ ಇದೆಯಾ, ಬಾಯಿಯ ಎರಡೂ ಇಳಿಜಾರು ಸಮ ಇದೆಯಾ, ಹಿಡಿ ಮತ್ತು ಅಲಗು ಸೇರುವ ಕಡೆ ಸಂದು ಇದೆಯಾ, ಒರೆ ಬಿಗಿ ಇದೆಯಾ. ಒಂದು ಸರಿಯಿಲ್ಲದಿದ್ದರೂ ವಾಪಸ್ ಮಾಡಿ. ಸಾಣೆ ಹಿಡಿದ ಮೇಲೆ, ಒಂದು ಸಲ ಕಟ್ಟಿಗೆ ಸೀಳಿದ ಮೇಲೆ ಯಾರೂ ವಾಪಸ್ ತಗೊಳ್ಳುವುದಿಲ್ಲ.